ಕಮರಿಯ ದಾರಿಯಲ್ಲಿ ಏರು ಕೊನೆಗೆ ಬರುತ್ತದೆ

ಸೈಕಲ್ ಸವಾರಿಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಸಲ ಅಮೆರಿಕದ ಯೂಟಾ ರಾಜ್ಯದ ಮರುಭೂಮಿ ಕಣಿವೆಗಳನ್ನು ಕುರಿತೇ ಹೆಚ್ಚು ಪತ್ರಗಳು ಬಂದಿವೆ. ಅಲ್ಲಿ ಕೆಲವು ವರ್ಷ ನೆಲೆಸಿದ್ದ ನಾನು ಆ ದಾರಿಗಳನ್ನು ಒಂದಷ್ಟು ತುಳಿದವನಾದ್ದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರಿಸುತ್ತಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನವನು. ಒಂದು ವರ್ಷದಿಂದ ಸಾಲ್ಟ್ ಲೇಕ್ ಸಿಟಿಯಲ್ಲಿ ಉದ್ಯೋಗದಲ್ಲಿದ್ದೇನೆ. ಊರಿನಲ್ಲಿದ್ದಾಗ ಭಾನುವಾರಗಳಂದು ತಪ್ಪದೆ ನಂದಿಬೆಟ್ಟ ಹತ್ತುತ್ತಿದ್ದೆ. ಒಂದೇ ದಿನದಲ್ಲಿ 200 ಕಿ.ಮೀ. ತುಳಿದದ್ದೂ ಉಂಟು. ಜೂನ್ ಕೊನೆಯ ವಾರ ರಜೆ ಇರುವುದರಿಂದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆಯ 160 ಕಿ.ಮೀ. ಸುತ್ತನ್ನು ಒಬ್ಬನೇ, ಒಂದೇ ದಿನದಲ್ಲಿ ಮುಗಿಸಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯವೇನು? (ಸಾಲ್ಟ್ ಲೇಕ್ ಸಿಟಿಯ ಓದುಗರು)

ಉತ್ತರ: ತಮ್ಮ ಕಾಲಿನ ಶಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಆ ಸುತ್ತನ್ನು ಬೆಳಗಿನಿಂದ ಸಂಜೆಯೊಳಗೆ ಮುಗಿಸುವವರು ಇದ್ದಾರೆ, ಒಂಟಿಯಾಗಿ ಮುಗಿಸಿದವರೂ ಇದ್ದಾರೆ. ಆದರೆ ಜೂನ್ ತಿಂಗಳು, ಮೊದಲ ಸಲ, ಒಬ್ಬರೇ ಎಂಬ ಮೂರೂ ಒಂದೇ ದಿನಕ್ಕೆ ಬಂದು ಕೂಡಿದಾಗ ಬೇಡ ಎನ್ನದೆ ನನಗೆ ಬೇರೆ ಉತ್ತರವಿಲ್ಲ. ಜೂನನ್ನು ಅಕ್ಟೋಬರ್ ಮಾಡಿಕೊಳ್ಳಿ, 160 ಕಿ.ಮೀ.ಯನ್ನು 30ಕ್ಕೆ ಇಳಿಸಿಕೊಳ್ಳಿ. ಆಮೇಲೆ ಒಬ್ಬರೇ ಹೋಗುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ.

ಕಾರಣವನ್ನು ನಂದಿಬೆಟ್ಟದಿಂದಲೇ ಹೇಳಬಹುದು. ನಂದಿಯಲ್ಲಿ ನಸುಕಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ ಏರುತ್ತೇವೆ. ದಣಿದ ಮೇಲೆ ಇಳಿಯುತ್ತೇವೆ. ನಡುದಾರಿಯಲ್ಲಿ ಸಾಕೆನಿಸಿದರೆ ಹ್ಯಾಂಡಲ್ ತಿರುಗಿಸಿದರಾಯಿತು, ಪೆಡಲ್ ತುಳಿಯದಿದ್ದರೂ ಸೈಕಲ್ ನಮ್ಮನ್ನು ಕೆಳಗಿನ ಚಹಾದಂಗಡಿಗೆ ತಂದು ನಿಲ್ಲಿಸುತ್ತದೆ. ಕಮರಿಯಲ್ಲಿ ಇದೆಲ್ಲ ತಲೆಕೆಳಗು. ಐಲೆಂಡ್ ಇನ್ ದ ಸ್ಕೈ ಎಂಬ ಆ ಚಪ್ಪಟೆ ನೆತ್ತಿಯ ಎತ್ತರದ ನೆಲ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಮೇಲಿದೆ, ಅಂದರೆ ನಂದಿಬೆಟ್ಟದ ತುದಿಗಿಂತಲೂ ಎತ್ತರ. ಅದರ ಅಂಚಿನಿಂದ ಸುಮಾರು 365 ಮೀಟರ್ ಕೆಳಗೆ ವೈಟ್ ರಿಮ್ ಎಂಬ ಬಿಳಿ ಮರಳುಗಲ್ಲಿನ ಜಗಲಿಯಿದೆ. ಅಲ್ಲಿಂದ ಇನ್ನೂ 300 ಮೀಟರ್ ಕೆಳಗೆ ಕೊಲೊರಾಡೊ ಮತ್ತು ಗ್ರೀನ್ ನದಿಗಳು ಹರಿಯುತ್ತವೆ. ಸವಾರ ಬೆಳಿಗ್ಗೆ ಮೇಲಿನಿಂದ ಜಗಲಿಗೆ ಇಳಿಯುತ್ತಾನೆ. ಗಾಳಿ ಮುಖಕ್ಕೆ ಹಿತವಾಗಿರುತ್ತದೆ, ದಾರಿ ಸಲೀಸೆನಿಸುತ್ತದೆ, ಇನ್ನೊಂದು ತಿರುವಿನಾಚೆ ಏನಿದೆಯೋ ನೋಡೋಣವೆಂಬ ಆಸೆ ಹುಟ್ಟುತ್ತದೆ. ಹಾಗೆ ಇಳಿದದ್ದನ್ನೆಲ್ಲ ಮಧ್ಯಾಹ್ನದ ಮೇಲೆ, ಬಿಸಿಲಲ್ಲಿ ಬೆಂದ ಮೈ ಹೊತ್ತು, ನೀರಿನ ಬಾಟಲಿ ಹಗುರವಾದ ಹೊತ್ತಿನಲ್ಲಿ ಹತ್ತಬೇಕಾಗುತ್ತದೆ. ಸುತ್ತನ್ನು ಪೂರ್ತಿ ಮಾಡಿದರೂ ಲೆಕ್ಕ ಬದಲಾಗುವುದಿಲ್ಲ: ನಡುವೆ ಮರ್ಫಿ ಹಾಗ್‌ಬ್ಯಾಕ್, ಆಮೇಲೆ ಹಾರ್ಡ್‌ಸ್ಕ್ರ್ಯಾಬಲ್ ಎಂಬ ಎರಡು ಕಡಿದಾದ ಏರುಗಳನ್ನು ದಾಟಿ, ಕಟ್ಟಕಡೆಗೆ ಮಿನರಲ್ ಬಾಟಮ್‌ನ ಹಾವುದಾರಿಯನ್ನು ಹತ್ತಿಯೇ ಮೇಲೆ ಬರಬೇಕು. ಎದುರು ದಿಕ್ಕಿನಿಂದ ಬಂದರೆ ಕೊನೆಗೆ ಶೇಫರ್ ದಾರಿಯ ಏರು ಕಾದಿರುತ್ತದೆ.

ಈ ಏರುಗಳು ಮೆಲ್ಲನೆ ಏರದೆ ಒಮ್ಮೆಲೇ ಗೋಡೆಯಂತೆ ಎದುರಾಗುವುದಕ್ಕೆ ಅಲ್ಲಿನ ಕಲ್ಲೇ ಕಾರಣ. ಗಟ್ಟಿಯಾದ ಮರಳುಗಲ್ಲಿನ ಪದರವೊಂದು, ಅದರ ಕೆಳಗೆ ಬೇಗ ಸವೆಯುವ ಮೆದು ಪದರವೊಂದು, ಮತ್ತೆ ಗಟ್ಟಿ ಪದರ, ಹೀಗೆ ಒಂದರ ಮೇಲೊಂದು ಕೂತಿರುವುದರಿಂದ ಮೆದು ಕಲ್ಲು ಕರಗಿದಂತೆಲ್ಲ ಗಟ್ಟಿ ಕಲ್ಲು ಜಗಲಿಯಾಗಿ ಉಳಿಯುತ್ತದೆ. ಜಗಲಿಯ ಮೇಲೆ ರಸ್ತೆ ಮೈಲಿಗಟ್ಟಲೆ ಹೆಚ್ಚುಕಡಿಮೆ ಸಮನಾಗಿ ಸಾಗುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟುವಲ್ಲಿ ಮಾತ್ರ ಉಸಿರು ಕಟ್ಟಿಸುತ್ತದೆ. ಬಾದಾಮಿಯ ಕೆಂಪು ಬಂಡೆಗಳನ್ನು ಕಂಡವರಿಗೆ ಈ ನೋಟ ಪರಿಚಿತವೆನಿಸಬಹುದು. ಎರಡೂ ಮರಳುಗಲ್ಲೇ, ವಯಸ್ಸಿನಲ್ಲಿ ಮಾತ್ರ ನಮ್ಮ ಬಾದಾಮಿಯ ಕಲ್ಲೇ ಬಹಳ ಹಿರಿಯದು.

ರಸ್ತೆಯೂ ಸೈಕಲ್ಲಿಗಾಗಿ ಹುಟ್ಟಿದ್ದಲ್ಲ. ಶೇಫರ್ ದಾರಿ ಮೊದಲು ಮೂಲನಿವಾಸಿಗಳ ಕಾಲುದಾರಿಯಾಗಿತ್ತು, 20ನೆಯ ಶತಮಾನದ ಆರಂಭದಲ್ಲಿ ದನಗಾಹಿಗಳು ಅದರಲ್ಲಿ ಹಿಂಡು ಇಳಿಸುತ್ತಿದ್ದರು, 1950ರ ದಶಕದಲ್ಲಿ ಯುರೇನಿಯಂ ಹುಡುಕಾಟದ ಲಾರಿಗಳಿಗಾಗಿ ಅದನ್ನು ಅಗಲಿಸಲಾಯಿತು. ವೈಟ್ ರಿಮ್ ರಸ್ತೆಯೂ ಅದೇ ದಶಕದ್ದು. ಅಮೆರಿಕದ ಅಣುಶಕ್ತಿ ಆಯೋಗ ಅದಿರಿಗಾಗಿ ಮಾಡಿಸಿದ ರಸ್ತೆಗಳಲ್ಲಿ ಅದೂ ಒಂದು. ಈ ಭಾಗದ ಗಣಿಗಳಲ್ಲಿ ಯುರೇನಿಯಂ ಸಿಕ್ಕಿದ್ದು ಅತ್ಯಲ್ಪ. 1964ರಲ್ಲಿ ಉದ್ಯಾನ ಸ್ಥಾಪನೆಯಾದಾಗ ರಸ್ತೆ ಮಾತ್ರ ಉಳಿದುಕೊಂಡಿತು. ಲಾರಿ ಹತ್ತಬಲ್ಲ ಏರನ್ನು ದಣಿದ ಮನುಷ್ಯ ಹತ್ತಬಲ್ಲನೇ ಎಂದು ಅದನ್ನು ಕಡಿದವರು ಯೋಚಿಸಿರಲಾರರು.

ಇನ್ನು ಕಾಲದ ಮಾತು. ಅಲ್ಲಿ ಬೇಸಿಗೆಯಲ್ಲಿ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು, ಮತ್ತು ವೈಟ್ ರಿಮ್ ಮೇಲೆ ನೆರಳೆಂಬುದು ಬಂಡೆಯ ಮಗ್ಗುಲಿಗೆ ಸಿಕ್ಕಿದರೆ ಸಿಕ್ಕಿತು. ಬೇಸಿಗೆಯ ಕೊನೆಯಲ್ಲಿ ಮಧ್ಯಾಹ್ನದ ಗುಡುಗುಮಳೆಗಳು ಶುರುವಾಗುತ್ತವೆ. ತಲೆಯ ಮೇಲೆ ಆಕಾಶ ನೀಲಿಯಾಗಿದ್ದಾಗಲೂ ಎಲ್ಲೋ ಮೇಲ್ಭಾಗದಲ್ಲಿ ಸುರಿದ ಮಳೆ ಒಣ ಹಳ್ಳದಲ್ಲಿ ಗೋಡೆಯಂತೆ ಬರಬಹುದು. ಜೇಡಿಯ ಪದರದ ಮೇಲಿನ ರಸ್ತೆ ನೆನೆದರೆ ಬೆಣ್ಣೆ ಬಳಿದಂತಾಗಿ, ಸೈಕಲ್ಲನ್ನು ಹೆಗಲ ಮೇಲೆ ಹೊರುವುದಕ್ಕೂ ಕಾಲೂರಲಾಗುವುದಿಲ್ಲ. 2010ರ ಆಗಸ್ಟ್‌ನಲ್ಲಿ ಇಂಥ ಮಳೆಯೊಂದು ಮಿನರಲ್ ಬಾಟಮ್‌ನ ಹಾವುದಾರಿಯನ್ನೇ ಕೊಚ್ಚಿಕೊಂಡು ಹೋಗಿತ್ತು. ಏಪ್ರಿಲ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಹಗಲು 15ರಿಂದ 27 ಡಿಗ್ರಿಯಷ್ಟಿರುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೂ ಇಳಿಯಬಹುದು. ಅಕ್ಟೋಬರ್ ನಡುವಿನಲ್ಲಿ ಸೂರ್ಯ ಕಾಣುವುದೇ ಬೆಳಿಗ್ಗೆ ಏಳೂವರೆಯ ಸುಮಾರಿಗೆ, ಮುಳುಗುವುದು ಏಳರೊಳಗೆ. ಹಗಲು ಹನ್ನೊಂದೇ ಗಂಟೆ. ಅದರಲ್ಲಿ ಪೂರ್ತಿ ಸುತ್ತು ಎಂದರೆ ಒಂದು ಪಂಕ್ಚರಿಗೂ ಜಾಗವಿಲ್ಲ.

ಆದ್ದರಿಂದ ಮೊದಲ ಸಲಕ್ಕೆ ನನ್ನ ಸಲಹೆ ಇದು. ಮೇಲಿನ ಸಂದರ್ಶಕ ಕೇಂದ್ರದ ಬಳಿ ಕಾರು ನಿಲ್ಲಿಸಿ, ಶೇಫರ್ ದಾರಿಯಲ್ಲಿ 8 ಕಿ.ಮೀ.ಗಳಷ್ಟು ಇಳಿದು, ವೈಟ್ ರಿಮ್ ರಸ್ತೆ ಹಿಡಿದು ಮಸಲ್‌ಮನ್ ಕಮಾನಿನವರೆಗೆ ಹೋಗಿ, ಬಂದ ದಾರಿಯಲ್ಲೇ ಮರಳಿ. ಹೋಗಿಬರುವ ದಾರಿ ಒಟ್ಟು 30 ಕಿ.ಮೀ.ಗಿಂತ ಕಡಿಮೆ. ನಗಬೇಡಿ, ನಾನೂ ನಕ್ಕವನೇ. ಮೊದಲ ಸಲ ಮೂರು ಲೀಟರ್ ನೀರು ಕಟ್ಟಿಕೊಂಡು ಇಳಿದವನು, ಕಮಾನು ನೋಡಿ, ಉತ್ಸಾಹದಲ್ಲಿ ಇನ್ನೂ ಹತ್ತು ಕಿ.ಮೀ. ಮುಂದೆ ಹೋಗಿ, ಮರಳುವಾಗ ಶೇಫರ್ ಏರಿನ ಬುಡದಲ್ಲಿ ಕೊನೆಯ ಗುಟುಕು ಕುಡಿದೆ. ಮುಂದಿನ 400 ಮೀಟರ್ ಏರನ್ನು ಸೈಕಲ್ ತಳ್ಳುತ್ತ ಹತ್ತಿದ್ದು, ಎದುರು ಬಂದ ಜೀಪಿನವರಿಂದ ನೀರು ಬೇಡಿ ಕುಡಿದದ್ದು ಎರಡೂ ಚೆನ್ನಾಗಿ ನೆನಪಿವೆ. ಇಳಿಯಲು ಮುಕ್ಕಾಲು ಗಂಟೆ ಸಾಕಾಗಿದ್ದ ದಾರಿ ಹತ್ತಲು ಎರಡೂವರೆ ಗಂಟೆ ತೆಗೆದುಕೊಂಡಿತ್ತು. ಅಂದಿನಿಂದ ನಾನು ಹೊರಡುವ ಮೊದಲೇ ಮರಳುವ ಗಳಿಗೆಯನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಅಂಟಿಸುತ್ತೇನೆ. ಹನ್ನೊಂದು ಎಂದು ಬರೆದಿದ್ದರೆ ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗುವುದು. ಕಮಾನು ಎದುರಿಗೇ ಕಾಣುತ್ತಿದ್ದರೂ ಸರಿಯೇ.

ವೈಟ್ ರಿಮ್ ರಸ್ತೆಗೆ ಸೈಕಲ್ ಇಳಿಸಲು ಒಂದು ದಿನದ ಪರವಾನಗಿ ಬೇಕು, ಮತ್ತು ದಿನಕ್ಕೆ 50 ಸೈಕಲ್ಲುಗಳಿಗಷ್ಟೇ ಅದು ಸಿಗುತ್ತದೆ; ಮುಂಚಿತವಾಗಿ ಪಡೆದುಕೊಳ್ಳಿ. ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಯುವಂತಿಲ್ಲ, ಕಾಲುದಾರಿಗಳಲ್ಲಿ ಸೈಕಲ್ ನಡೆಸುವಂತಿಲ್ಲ. ರಸ್ತೆಯಂಚಿನಲ್ಲಿ ಕಪ್ಪು ಹುಡಿಯಂತೆ, ಗಂಟುಗಂಟಾಗಿ ಕಾಣುವ ಮಣ್ಣು ವಾಸ್ತವದಲ್ಲಿ ಜೀವಂತ ಹೊದಿಕೆ: ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಮರಳಿನ ಕಣಗಳನ್ನು ಹೆಣೆದು ಹಿಡಿದಿರುತ್ತವೆ. ಒಂದು ಚಕ್ರದ ಗುರುತು ಮಾಯಲು ಅಲ್ಲಿ ಹಲವು ವರ್ಷಗಳು ಬೇಕಾಗುತ್ತವೆ.

ಪ್ರಶ್ನೆ: ಮರುಭೂಮಿಯ ಒಂದು ದಿನದ ಸವಾರಿಗೆ ಎಷ್ಟು ನೀರು, ಏನು ಆಹಾರ ಒಯ್ಯಬೇಕು? ಅವಲಕ್ಕಿ, ಚಿಕ್ಕಿ, ನಿಪ್ಪಟ್ಟು ಸಾಕಾಗುವುದಿಲ್ಲವೇ? (ಫೀನಿಕ್ಸ್‌ನ ಓದುಗರು)

ಉತ್ತರ: ಉದ್ಯಾನದವರು ಹೇಳುವುದು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್. ಕನಿಷ್ಠ ಎಂಬ ಪದವನ್ನು ಗಮನಿಸಿ. ನಾನು ಅಕ್ಟೋಬರ್‌ನ ಅರ್ಧ ದಿನದ ಸವಾರಿಗೇ 5 ಲೀಟರ್ ಹೊರುತ್ತೇನೆ: ಬೆನ್ನಚೀಲದಲ್ಲಿ ಮೂರು, ಸೈಕಲ್ಲಿನ ಚೌಕಟ್ಟಿನಲ್ಲಿ ಎರಡು. ವೈಟ್ ರಿಮ್ ರಸ್ತೆಯುದ್ದಕ್ಕೂ ಕುಡಿಯುವ ನೀರಿನ ನಲ್ಲಿಯಾಗಲಿ ಅಂಗಡಿಯಾಗಲಿ ಇಲ್ಲ. ಕೊಲೊರಾಡೊ ನದಿ ಕೆಳಗೆ ಹೊಳೆಯುತ್ತ ಕಾಣುತ್ತದೆ, ನಡುವೆ ಇರುವುದು 300 ಮೀಟರ್ ಕಡಿದಾದ ಬಂಡೆ. ಅಲ್ಲಿನ ಒಣ ಹವೆಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲದೆ ಆರಿಹೋಗುವುದರಿಂದ, ಮಂಗಳೂರಿನ ಸೆಖೆಯಲ್ಲಿ ತುಳಿದ ಅಭ್ಯಾಸವಿದ್ದವರು ತಮಗೆ ಬೆವರೇ ಬರುತ್ತಿಲ್ಲವೆಂದು ತಪ್ಪು ತಿಳಿಯುತ್ತಾರೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದೆಯೇ ನೋಡಿಕೊಳ್ಳಿ.

ಹೊತ್ತ ನೀರಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಇಳಿಯುವಾಗ ಮತ್ತು ಕೆಳಗಿನ ದಾರಿಯಲ್ಲಿ ಕುಡಿಯಿರಿ, ಎರಡು ಪಾಲನ್ನು ಏರಿಗೆ ಉಳಿಸಿ. ಬರೀ ನೀರನ್ನೇ ಹೆಚ್ಚಾಗಿ ಕುಡಿದು ಉಪ್ಪು ತಿನ್ನದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುವುದೂ ಉಂಟು. ಇದನ್ನು ನಿರ್ಜಲೀಕರಣವೆಂದು ಭ್ರಮಿಸಿ ಇನ್ನಷ್ಟು ನೀರು ಕುಡಿದರೆ ಅಪಾಯ ಹೆಚ್ಚುತ್ತದೆ. ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಮನೆಮಾತಿನ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಒಂದು ಬಾಟಲಿಯನ್ನಾದರೂ ಹಾಗೆ ಬೆರೆಸಿ, ನಿಂಬೆ ಹಿಂಡಿಕೊಳ್ಳಿ.

ತಿಂಡಿಯ ವಿಷಯದಲ್ಲಿ ಒಂದು ಎಚ್ಚರ. ನಿಪ್ಪಟ್ಟು, ಹುರಿಗಡಲೆ, ಒಣ ಅವಲಕ್ಕಿ ಮನೆಯಲ್ಲಿ ಎಷ್ಟೇ ರುಚಿಯಾದರೂ, ಬಾಯಿ ಒಣಗಿದಾಗ ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ನುಂಗಲು ಕುಡಿಯುವ ನೀರೇ ದಂಡ. ಖರ್ಜೂರ, ಬಾಳೆಹಣ್ಣು, ಉಪ್ಪಿನಕಾಯಿ ಸವರಿ ಸುತ್ತಿದ ಚಪಾತಿ, ಬೆಳಗಿನ ಮೊದಲ ನಿಲುಗಡೆಗೆ ಚಿತ್ರಾನ್ನ ನನ್ನ ಆಯ್ಕೆ. ಚಿಕ್ಕಿ ಅಕ್ಟೋಬರ್‌ನಲ್ಲಿ ಸೊಗಸು, ಬೇಸಿಗೆಯಲ್ಲಿ ಬೆಲ್ಲ ಕರಗಿ ಜೇಬಿಗೇ ಅಂಟುತ್ತದೆ.

ಪ್ರಶ್ನೆ: ರಸ್ತೆಯಲ್ಲಿ ಓಡಿಸುವ ತೆಳು ಟೈರಿನ ಸೈಕಲ್ಲಿನಲ್ಲೇ ಹೋಗಬಹುದೇ? ಅಲ್ಲಿ ಪಂಕ್ಚರ್ ಹೆಚ್ಚೆಂದು ಕೇಳಿದ್ದೇನೆ. (ಧಾರವಾಡದ ಓದುಗರು, ಮಗನ ಮನೆಗೆ ಹೋಗುವವರು)

ಉತ್ತರ: ವೈಟ್ ರಿಮ್‌ಗೆ ಬೇಡ. ಮರಳು, ಮೆಟ್ಟಿಲು ಮೆಟ್ಟಿಲಾದ ಬಂಡೆ ಎರಡೂ ಇವೆ. ಎರಡು ಇಂಚಿಗಿಂತ ಅಗಲದ ಟೈರಿನ ಮೌಂಟನ್ ಬೈಕನ್ನು ಮೋಆಬ್ ಊರಿನಲ್ಲಿ ಬಾಡಿಗೆಗೆ ಪಡೆಯಿರಿ. ಇಳಿಯುವ ಮೊದಲು ಬ್ರೇಕ್ ಪ್ಯಾಡ್ ಸವೆದಿದೆಯೇ ನೋಡಿ. ಚೈನಿಗೆ ಜಿಡ್ಡಿನ ಎಣ್ಣೆ ಹಾಕಬೇಡಿ, ಕೆಂಪು ಧೂಳು ಅದಕ್ಕೆ ಮೆತ್ತಿಕೊಂಡು ಉಪ್ಪುಕಾಗದದಂತೆ ಉಜ್ಜುತ್ತದೆ. ಮೇಣ ಬೆರೆತ ಒಣ ಎಣ್ಣೆ ಸಿಗುತ್ತದೆ.

ಪಂಕ್ಚರ್ ಮಾಡುವ ಮುಳ್ಳು ತಮಗೆ ಅಪರಿಚಿತವಲ್ಲ. ಅಲ್ಲಿನವರು ಮೇಕೆತಲೆ ಎಂದು ಕರೆಯುವ ಆ ಮುಳ್ಳು ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲುಮುಳ್ಳೇ, ವೈದ್ಯರ ಗೋಕ್ಷುರವೇ. ಅಮೆರಿಕಕ್ಕೆ ಹೊರಗಿನಿಂದ ಬಂದು ಹರಡಿದ ಕಳೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುತ್ತದೆ. ಕಮರಿಯ ಒಳಗಿಗಿಂತ ಊರಂಚಿನಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ಅದರ ಕಾಟ ಜಾಸ್ತಿ. ಹಾಗಾಗಿ ಕಾರಿನಿಂದ ಇಳಿಸಿದ ಸೈಕಲ್ಲನ್ನು ಹುಲ್ಲಿನ ಮೇಲೆ ಉರುಳಿಸದೆ ಎತ್ತಿಕೊಂಡು ರಸ್ತೆಗೆ ತನ್ನಿ. ಟೈರಿನೊಳಗೆ ತೂತು ಮುಚ್ಚುವ ದ್ರಾವಣ ಇದ್ದರೂ ಒಂದು ಟ್ಯೂಬ್, ತೇಪೆ, ಪಂಪು ಕೈಯಲ್ಲಿರಲಿ.

ಪ್ರಶ್ನೆ: ನನಗೆ 58 ವರ್ಷ, ಸವಾರಿ ಹೊಸದು. ಕಮರಿಗಳ ನಡುವೆ ಒಂದು ದಿನ ಒಬ್ಬಳೇ ನಿಶ್ಚಿಂತೆಯಾಗಿ ಸೈಕಲ್ ತುಳಿಯುವಂಥ ದಾರಿ ಇದೆಯೇ? (ಲಾಸ್ ವೇಗಸ್‌ನ ಓದುಗರು)

ಉತ್ತರ: ಖಂಡಿತ ಇದೆ, ಮತ್ತು ತಮಗೆ ಹತ್ತಿರವೇ. ಜಯಾನ್ ಉದ್ಯಾನದ ಕಣಿವೆ ರಸ್ತೆಯಲ್ಲಿ, ಬಸ್ಸುಗಳು ಓಡುವ ಋತುವಿನಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ, ಸೈಕಲ್ಲಿಗೆ ಇದೆ. ದಣಿವಾದರೆ ಸೈಕಲ್ಲನ್ನು ಅದೇ ಬಸ್ಸಿನ ಮುಂದಿನ ಕಟಾಂಜನಕ್ಕೆ ಏರಿಸಬಹುದು. ಇಲ್ಲಿ ನಾವು ಕಣಿವೆಯ ತಳದಲ್ಲೇ ಇರುವುದರಿಂದ ಏರು ಮೊದಲು ಬಂದು, ಮರಳುವಾಗ ಇಳಿಜಾರು ಸಿಗುತ್ತದೆ. ಪೂರ್ವಕ್ಕೆ ಹೋಗುವ 1930ರ ಉದ್ದನೆಯ ಸುರಂಗದಲ್ಲಿ ಮಾತ್ರ ಸೈಕಲ್ ನಿಷಿದ್ಧ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚಿನಲ್ಲಿರುವ 11 ಕಿ.ಮೀ. ಉದ್ದದ ಹರ್ಮಿಟ್ ರಸ್ತೆಯೂ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರುಗಳಿಗೆ ಮುಚ್ಚಿರುತ್ತದೆ, ಸೈಕಲ್ಲಿಗೆ ತೆರೆದಿರುತ್ತದೆ.

ಪ್ರಶ್ನೆ: ಡೆನ್ವರ್‌ನಲ್ಲಿರುವ ನನ್ನ ಮಗಳು ಆಗಾಗ ಮೋಆಬ್ ಕಡೆಯ ಕಣಿವೆಗಳಿಗೆ ಒಬ್ಬಳೇ ಸೈಕಲ್ ಒಯ್ಯುತ್ತಾಳೆ. ಬೇಡವೆಂದರೆ ಹೇಳದೆಯೇ ಹೋಗುತ್ತಾಳೆ. ಫೋನ್ ಸಿಗದ ಹೊತ್ತಿನಲ್ಲಿ ನನಗೆ ನಿದ್ದೆಯಿಲ್ಲ. ನಾನು ಏನು ಮಾಡಬೇಕು? (ಶಿವಮೊಗ್ಗದ ತಾಯಿಯೊಬ್ಬರು)

ಉತ್ತರ: ಬೇಡ ಎನ್ನುವುದನ್ನು ನಿಲ್ಲಿಸಿಬಿಡಿ ತಾಯಿ. ತಮ್ಮ ಮಗಳು ಒಬ್ಬಳೇ ಹೋಗುವುದಕ್ಕಿಂತ ಹೇಳದೆ ಹೋಗುವುದು ದೊಡ್ಡ ಅಪಾಯ. 2003ರ ಏಪ್ರಿಲ್ 26ರಂದು ಆರನ್ ರಾಲ್‌ಸ್ಟನ್ ಎಂಬ ಯುವಕ ಇದೇ ಸೀಮೆಯಲ್ಲಿ, ಹಾರ್ಸ್‌ಷೂ ಕಮರಿಯ ಬಳಿ ತನ್ನ ವಾಹನ ನಿಲ್ಲಿಸಿ, ಸೈಕಲ್ಲಿನಲ್ಲಿ ಹೋಗಿ, ಅದನ್ನು ಒಂದೆಡೆ ಬಿಟ್ಟು ಬ್ಲೂಜಾನ್ ಎಂಬ ಇಕ್ಕಟ್ಟಿನ ಕಮರಿಗೆ ಕಾಲ್ನಡಿಗೆಯಲ್ಲಿ ಇಳಿದ. ಜರುಗಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಒತ್ತಿಹಿಡಿಯಿತು. ಐದು ದಿನ ಸಿಕ್ಕಿಬಿದ್ದು, ಕೊನೆಗೆ ಮೇ 1ರಂದು ಸಣ್ಣ ಚಾಕುವಿನಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅನುಭವಿ ಪರ್ವತಾರೋಹಿ ಅವನು; ಶಕ್ತಿಗಾಗಲಿ ಧೈರ್ಯಕ್ಕಾಗಲಿ ಕೊರತೆಯಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ಒಬ್ಬರಿಗೂ ಹೇಳಿರಲಿಲ್ಲ, ಅಷ್ಟೇ. ಕೆಲಸಕ್ಕೆ ಬಾರದಿದ್ದಾಗಲೇ ಉಳಿದವರಿಗೆ ಸಂಶಯ ಬಂದದ್ದು.

ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಅವಳಿಂದ ಬರವಣಿಗೆಯಲ್ಲಿ ಕೇಳಬೇಕಾದದ್ದು ಇಷ್ಟು: ಯಾವ ರಸ್ತೆ, ಕಾರು ಎಲ್ಲಿ ನಿಲ್ಲುತ್ತದೆ, ಅದರ ನಂಬರ್ ಏನು, ಎಷ್ಟು ಗಂಟೆಗೆ ತಿರುಗುತ್ತಾಳೆ, ಎಷ್ಟು ಗಂಟೆಯವರೆಗೆ ಸಂದೇಶ ಬಾರದಿದ್ದರೆ ಸಹಾಯಕ್ಕೆ ಕರೆ ಮಾಡಬೇಕು. ಈ ಕೊನೆಯ ಗಂಟೆಯನ್ನು ಅವಳೇ ನಿಗದಿ ಮಾಡಲಿ, ಎರಡು ಮೂರು ಗಂಟೆಗಳ ಸಡಿಲ ಇಟ್ಟು. ಒಂದು ಟ್ಯೂಬ್ ಬದಲಿಸಿದ್ದಕ್ಕೆಲ್ಲ ಶೋಧ ತಂಡ ಹೊರಡಬಾರದು. ಕಮರಿಯೊಳಗೆ ಮೊಬೈಲ್ ಸಿಗ್ನಲ್ ಇಲ್ಲದಿರುವುದೇ ಸಹಜ ಎಂಬುದನ್ನು ತಾವು ಮೊದಲೇ ಒಪ್ಪಿಕೊಂಡರೆ ನಡುವಿನ ಮೌನ ಅಷ್ಟು ಕಾಡುವುದಿಲ್ಲ.

ಸಾಧ್ಯವಾದರೆ ಅವಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಸಾಧನವೊಂದನ್ನು ಕೊಳ್ಳಲು ಹೇಳಿ. ಇತ್ತೀಚಿನ ಕೆಲವು ಐಫೋನ್‌ಗಳಲ್ಲಿ ತುರ್ತು ಸಂದೇಶಕ್ಕೆ ಈ ಸೌಲಭ್ಯ ಅಡಕವಾಗಿಯೇ ಬರುತ್ತದೆ. ಎರಡಕ್ಕೂ ತೆರೆದ ಆಕಾಶ ಕಾಣಬೇಕು. ವೈಟ್ ರಿಮ್ ಜಗಲಿಯ ಮೇಲೆ ಅದು ಧಾರಾಳವಾಗಿದೆ, ಇಕ್ಕಟ್ಟಿನ ಕಮರಿಯಲ್ಲಿ ಇಲ್ಲ. ಆದರೆ ರಜೆಗೆ ಊರಿಗೆ ಬರುವಾಗ ಆ ಕೈಸಾಧನವನ್ನು ಸಾಮಾನಿನಲ್ಲಿ ತರಬಾರದೆಂದು ತಪ್ಪದೆ ತಿಳಿಸಿ. ಅನುಮತಿಯಿಲ್ಲದೆ ಅಂಥದನ್ನು ಭಾರತಕ್ಕೆ ತರುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿದವರಿದ್ದಾರೆ.

ಇನ್ನೊಂದು ಮಾತು. ಆ ಐದು ವಿವರಗಳು ತಮ್ಮೊಬ್ಬರ ಬಳಿ ಇದ್ದರೆ ಸಾಲದು. ಅಮೆರಿಕದ 911 ಸಂಖ್ಯೆ ಶಿವಮೊಗ್ಗದಿಂದ ಹತ್ತುವುದಿಲ್ಲ. ಡೆನ್ವರ್‌ನಲ್ಲಿರುವ ಗೆಳತಿಯೊಬ್ಬಳಿಗೂ ಅದೇ ಬರಹ ಹೋಗಲಿ, ಉದ್ಯಾನದ ರೇಂಜರ್‌ಗಳಿಗೆ ಅಥವಾ ಅಲ್ಲಿನ ಕೌಂಟಿಯ ಶೆರೀಫ್ ಕಚೇರಿಗೆ ಕರೆ ಮಾಡುವ ಹೊಣೆ ಅವಳದಾಗಿರಲಿ, ಅವಳ ಫೋನ್ ನಂಬರ್ ತಮ್ಮಲ್ಲಿರಲಿ. ಬೇಸಿಗೆಯ ಗಡಿಯಾರದಲ್ಲಿ ಭಾರತ ಅಲ್ಲಿಗಿಂತ ಹನ್ನೊಂದೂವರೆ ಗಂಟೆ ಮುಂದಿರುವುದರಿಂದ, ಮಗಳು ಸಂಜೆ 7ಕ್ಕೆ ಎಂದು ಬರೆದಿದ್ದರೆ ಅದು ತಮಗೆ ಮರುದಿನ ಬೆಳಿಗ್ಗೆ ಆರೂವರೆ. ಹಾಗಾಗಿ ಆ ರಾತ್ರಿ ಎದ್ದು ಕೂತು ಫೋನ್ ನೋಡುತ್ತಿರಬೇಕಾದ ಅಗತ್ಯವಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ನೋಡಿ, ಸಂದೇಶ ಇಲ್ಲದಿದ್ದರೆ ಆ ಗೆಳತಿಗೆ ಕರೆ ಮಾಡಿ.